ಎಂಟು ವರ್ಷದವಳಿಗೆ ಕೊಟ್ಟ ಪುಸ್ತಕಗಳೆಲ್ಲ ಕಪಾಟಿನಲ್ಲೇ ನಿಂತಿವೆ, ನಾನು ಎಲ್ಲಿ ಎಡವಿದೆ?

ಪುಟ ತಿರುವುವವಳು

ಅಕ್ಕನ ಮಗಳಿಗೆ ಎಂಟು ತುಂಬಿದೆ. ಕಳೆದ ವರ್ಷದಿಂದ ಈಚೆಗೆ ಅವಳಿಗೆ ಹನ್ನೊಂದು ಪುಸ್ತಕ ಕೊಟ್ಟಿದ್ದೇನೆ. ಲೆಕ್ಕ ಇಟ್ಟುಕೊಂಡಿರುವುದು ಸಣ್ಣತನ ಎಂದು ಗೊತ್ತು, ಆದರೂ ಇಟ್ಟಿದ್ದೇನೆ. ಹತ್ತು ಪುಸ್ತಕಗಳು ಕೊಟ್ಟ ದಿನದ ಹೊಳಪಿನಲ್ಲೇ ಕಪಾಟಿನಲ್ಲಿವೆ. ಓದಿಸಿಕೊಂಡದ್ದು ಒಂದೇ, ಇರುವೆಗಳ ಬಗ್ಗೆ ಇರುವ ತೆಳ್ಳನೆಯ ಪುಸ್ತಕ. ಅದನ್ನು ನಾನು ಆರಿಸಿದ್ದೂ ಅಲ್ಲ, ಬೇರೆ ಪುಸ್ತಕಗಳ ಕಟ್ಟಿನ ಜೊತೆ ಬಂದದ್ದು. ಅದನ್ನು ಎಷ್ಟು ಸಲ ಓದಿದ್ದಾಳೆಂದರೆ ನಡುವಿನ ಪಿನ್ನು ಕಿತ್ತು ಹಾಳೆಗಳು ಸಡಿಲವಾಗಿವೆ.

ಉಳಿದ ಹತ್ತು ನಾನು ಚಿಕ್ಕವಳಿದ್ದಾಗ ಪ್ರಾಣ ಬಿಡುತ್ತಿದ್ದ ಬಗೆಯ ಪುಸ್ತಕಗಳು. ಹಿಂಬದಿಯಲ್ಲಿ 7ರಿಂದ 10 ವರ್ಷ ಎಂದು ಅಚ್ಚಾಗಿದೆ. ಕೊಟ್ಟಾಗ ಅವಳು ತೆರೆಯದೆಯೇ "ಚೆನ್ನಾಗಿದೆ" ಎನ್ನುತ್ತಾಳೆ. ಆ ಸೌಜನ್ಯವೇ ನನಗೆ ಹೆಚ್ಚು ಚುಚ್ಚುತ್ತದೆ.

ದಯವಿಟ್ಟು ಪುಸ್ತಕಗಳ ಪಟ್ಟಿ ಕೊಡಬೇಡಿ. ಪಟ್ಟಿಗಳನ್ನು ನೋಡಿಯೇ ನಾನು ಈ ಗತಿಗೆ ಬಂದಿರುವುದು. ಆರಿಸುವುದು ಹೇಗೆ, ಅದನ್ನು ಹೇಳಿ.

ಹಳೆಯ ಕಪಾಟು

ಮಕ್ಕಳ ಗ್ರಂಥಾಲಯದಲ್ಲಿ ಇಪ್ಪತ್ತೆರಡು ವರ್ಷ ಕೆಲಸ ಮಾಡಿದವಳು ನಾನು. ನಿಮ್ಮ ಪ್ರಶ್ನೆಗೆ ಉತ್ತರ ನೀವೇ ಬರೆದಿದ್ದೀರಿ, ಆದರೆ ಅದನ್ನು ದೂರಿನ ಹಾಗೆ ಬರೆದಿದ್ದೀರಿ. ಪಿನ್ನು ಕಿತ್ತ ಆ ಪುಸ್ತಕವನ್ನು ಒಮ್ಮೆ ಕೈಗೆತ್ತಿಕೊಳ್ಳಿ. ಬೆನ್ನನ್ನು ಮೇಜಿಗೆ ತಾಗಿಸಿ ನಿಲ್ಲಿಸಿ, ಕೈ ಬಿಡಿ. ಅದು ತಾನಾಗಿ ಒಂದು ಕಡೆ ಬಿಚ್ಚಿಕೊಳ್ಳುತ್ತದೆ. ಎಷ್ಟು ಸಲ ಮಾಡಿದರೂ ಹೆಚ್ಚುಕಡಿಮೆ ಅದೇ ಪುಟ. ಅಂಚಿನಲ್ಲಿ ಬೆರಳಿನ ಜಿಡ್ಡು ಕಾಣಿಸುತ್ತದೆ. ಆ ಪುಟದಲ್ಲಿ ಏನಿದೆ ಎಂದು ನೋಡಿಕೊಂಡು ಬನ್ನಿ, ಆಮೇಲೆ ಮಾತನಾಡೋಣ.

"ನಿನಗೆ ಯಾವ ಥರದ ಪುಸ್ತಕ ಇಷ್ಟ?" ಎಂದು ಮಗುವನ್ನು ಕೇಳಿದರೆ ಅದು ನಿಮಗೆ ಇಷ್ಟವಾಗುವ ಉತ್ತರವನ್ನು ಹುಡುಕುತ್ತದೆ. ಜಿಡ್ಡಾದ ಪುಟ ಹಾಗೆ ಮಾಡುವುದಿಲ್ಲ.

ಆ ಹತ್ತು ಪುಸ್ತಕಗಳ ಬಗ್ಗೆಯೂ ಒಂದು ಮಾತು. ಎಸ್. ಆರ್. ರಂಗನಾಥನ್ 1931ರಲ್ಲಿ ಗ್ರಂಥಾಲಯಕ್ಕೆ ಐದು ಸೂತ್ರ ಬರೆದರು. ಎರಡನೆಯದು, ಪ್ರತಿ ಓದುಗನಿಗೂ ಅವನ ಪುಸ್ತಕ. ಮೂರನೆಯದು, ಪ್ರತಿ ಪುಸ್ತಕಕ್ಕೂ ಅದರ ಓದುಗ. ಎರಡೂ ಒಂದೇ ಮಾತು ಎಂದು ಕೆಲಸಕ್ಕೆ ಸೇರಿದ ಹೊಸದರಲ್ಲಿ ಅಂದುಕೊಂಡಿದ್ದೆ. ಅಲ್ಲ. ನೀವು ಎರಡನೆಯದಕ್ಕೆ ಕಷ್ಟಪಡುತ್ತಿದ್ದೀರಿ, ಕಪಾಟಿನಲ್ಲಿ ನಿಂತ ಹತ್ತು ಮೂರನೆಯದಕ್ಕೆ ಕಾಯುತ್ತಿವೆ. ಅವು ಕೆಟ್ಟ ಪುಸ್ತಕಗಳಲ್ಲ, ವಿಳಾಸ ತಪ್ಪಿದವು.

ಸೀಮೆಸುಣ್ಣ

ಮೂರನೇ ತರಗತಿಗೆ ಪಾಠ ಹೇಳುತ್ತೇನೆ. ಹಿಂಬದಿಯ ವಯಸ್ಸಿನ ಪಟ್ಟಿಯನ್ನು ಅಷ್ಟಾಗಿ ನಂಬಬೇಡಿ. ಅದು ಅಂಗಡಿಯವರಿಗೆ ಯಾವ ಕಪಾಟಿನಲ್ಲಿ ಇಡಬೇಕು ಎಂದು ಹೇಳುವುದಕ್ಕೆ ಇರುವುದು.

ನನಗೆ ಬಹಳ ಪ್ರಿಯವಾದ ಒಂದು ನಿಜ ಸಂಗತಿ ಇದೆ. ಲಂಡನ್ನಿನ ಪ್ರಕಾಶಕ ಸ್ಟ್ಯಾನ್ಲಿ ಅನ್ವಿನ್, ಮಕ್ಕಳ ಪುಸ್ತಕಕ್ಕೆ ಮಕ್ಕಳೇ ಸರಿಯಾದ ತೀರ್ಪುಗಾರರು ಎಂದು ನಂಬಿದ್ದವನು. ಹಸ್ತಪ್ರತಿ ಬಂದರೆ ಮಗ ರೇಯ್ನರ್ ಕೈಗೆ ಕೊಡುತ್ತಿದ್ದ, ಬರೆದುಕೊಟ್ಟ ಅಭಿಪ್ರಾಯಕ್ಕೆ ಒಂದು ಶಿಲಿಂಗ್ ಕೂಲಿ. 1936ರಲ್ಲಿ ಹಾಗೆ ಬಂದದ್ದು ಟೋಲ್ಕಿನ್ ಅವರ 'ದಿ ಹಾಬಿಟ್'. ಹುಡುಗ ಚೆನ್ನಾಗಿದೆ ಎಂದ, ಮರುವರ್ಷ ಪುಸ್ತಕ ಹೊರಬಂತು. ತಮಾಷೆ ಎಂದರೆ, ಇದು ಐದರಿಂದ ಒಂಬತ್ತು ವರ್ಷದ ಮಕ್ಕಳೆಲ್ಲರಿಗೂ ಹಿಡಿಸುತ್ತದೆ ಎಂದು ಅವನು ಬರೆದ. ಆಗ ಅವನಿಗೆ ಹತ್ತು. ತಾನು ಅನುಭವಿಸಿ ಓದಿದ್ದನ್ನು ತನಗಿಂತ ಚಿಕ್ಕವರ ಲೆಕ್ಕಕ್ಕೆ ಬರೆದುಬಿಟ್ಟ! ಮಕ್ಕಳು ಹಾಕುವ ವಯಸ್ಸಿನ ಪಟ್ಟಿಯೂ ನಂಬುವಂಥದ್ದಲ್ಲ. ಆದರೆ ಅವರ "ಚೆನ್ನಾಗಿದೆ" ಮಾತ್ರ, ಓದಿದ ಮೇಲೆ ಹೇಳಿದ್ದಾದರೆ, ಗಟ್ಟಿ.

ಖಾರದ ಮಾತು

ಎಲ್ಲರೂ ಮಗುವಿಗೆ ತಲೆಯಾಡಿಸುತ್ತಿದ್ದೀರಿ. ಒಬ್ಬರಾದರೂ ವಿರುದ್ಧ ಹೇಳಬೇಕಲ್ಲ. ಇಷ್ಟವಾದದ್ದನ್ನೇ ಕೊಡುತ್ತಾ ಹೋದರೆ ಹುಡುಗಿ ಮದುವೆಯ ವಯಸ್ಸಿಗೆ ಬಂದರೂ ಇರುವೆಯನ್ನೇ ಓದುತ್ತಿರುತ್ತಾಳೆ. ನಮಗೆ ಕೊಟ್ಟದ್ದನ್ನು ನಾವು ಓದಿದೆವು. ಬೇಸರ ಬಂದರೂ ಓದಿದೆವು. ಅದರಲ್ಲಿ ಕೆಲವು ಆಮೇಲೆ ರುಚಿಸಿದವು. ರುಚಿ ಬೆಳೆಸುವ ಕೆಲಸ ದೊಡ್ಡವರದ್ದಲ್ಲದೆ ಮತ್ತೆ ಯಾರದ್ದು?

ಹಳೆಯ ಕಪಾಟು

ನಿಮ್ಮ ಪ್ರಶ್ನೆ ಸರಿಯಾಗಿದೆ, ನೆನಪು ಅರ್ಧ ಮಾತ್ರ. ಕೊಟ್ಟದ್ದನ್ನು ಓದಿದವರು ಇಂದು ಪುಸ್ತಕದ ಬಗ್ಗೆ ಜಗಳವಾಡುತ್ತಿದ್ದಾರೆ. ಕೊಟ್ಟದ್ದನ್ನು ಓದಲಾರದೆ ಓದನ್ನೇ ಬಿಟ್ಟವರು ಇಂಥ ಮಾತಿನ ಹತ್ತಿರವೂ ಸುಳಿಯುವುದಿಲ್ಲ. ಅವರನ್ನು ನೀವು ಎಣಿಸಲಿಲ್ಲ.

ಆದರೂ ರುಚಿಯ ಮಾತನ್ನು ಒಪ್ಪುತ್ತೇನೆ. ಅಮೆರಿಕದ ವಿದ್ವಾಂಸೆ ರುಡೀನ್ ಸಿಮ್ಸ್ ಬಿಷಪ್ 1990ರಲ್ಲಿ ಬರೆದ ಒಂದು ಪುಟ್ಟ ಲೇಖನದಲ್ಲಿ ಪುಸ್ತಕಗಳನ್ನು ಕನ್ನಡಿ, ಕಿಟಕಿ, ಮತ್ತು ಸರಿಸಿಕೊಂಡು ಆಚೆ ಹೋಗಬಹುದಾದ ಗಾಜಿನ ಬಾಗಿಲು ಎಂದು ಕರೆದರು. ಪುಸ್ತಕದಲ್ಲಿ ತನ್ನ ಮುಖವೇ ಕಾಣದ ಮಗು ತಾನು ಲೆಕ್ಕಕ್ಕೆ ಇಲ್ಲದವನು ಎಂದುಕೊಳ್ಳುತ್ತದೆ. ಬರೀ ತನ್ನ ಮುಖವನ್ನೇ ಕಂಡ ಮಗು ಲೋಕವೆಂದರೆ ತಾನೇ ಎಂದುಕೊಳ್ಳುತ್ತದೆ. ಎರಡೂ ಬೇಕು. ನನ್ನ ಅನುಭವದಲ್ಲಿ ಮಾತ್ರ ಕನ್ನಡಿಯ ಮುಂದೆ ಸ್ವಲ್ಪ ಹೊತ್ತು ನಿಂತವರು ಕಿಟಕಿಯ ಕಡೆಗೆ ತಾವಾಗಿ ತಿರುಗುತ್ತಾರೆ. ಕತ್ತು ಹಿಡಿದು ತಿರುಗಿಸಬೇಕಾಗಿಲ್ಲ.

ಮೊದಲ ಸಾಲು

ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನನ್ನ ಮಗನಿಗೆ ಆರು. ಅಕ್ಷರ ಬರುತ್ತದೆ. ಸಾಲಿನಲ್ಲಿ ಎರಡು ಒತ್ತಕ್ಷರ ಸಿಕ್ಕರೆ ಪುಸ್ತಕ ಮುಚ್ಚಿಡುತ್ತಾನೆ. ಇಂಥವನಿಗೆ ಏನು ಕೊಡುವುದು?

ಸೀಮೆಸುಣ್ಣ

ಇದು ನನ್ನ ದಿನನಿತ್ಯದ ತಲೆನೋವು, ಹಾಗಾಗಿ ಉದ್ದವಾಗಿ ಬರೆಯುತ್ತೇನೆ.

ಇಂಗ್ಲಿಷಿನ ಮಕ್ಕಳ ಲೇಖಕ ಡಾ. ಸ್ಯೂಸ್ 1960ರಲ್ಲಿ ತಂದ ಒಂದು ಪುಸ್ತಕದಲ್ಲಿ ಇರುವುದು ಬರೀ 50 ಬೇರೆ ಬೇರೆ ಪದಗಳು. ಪ್ರಕಾಶಕ ಬೆನೆಟ್ ಸರ್ಫ್ ಜೊತೆ ಪಂಥ ಕಟ್ಟಿ ಬರೆದದ್ದು. ಅದೇ ಪದಗಳು ಸುತ್ತಿ ಸುತ್ತಿ ಬರುವುದರಿಂದ ಹತ್ತನೇ ಪುಟದ ಹೊತ್ತಿಗೆ ಮಗುವಿಗೆ ತಾನು ಓದಬಲ್ಲೆ ಎಂಬ ಧೈರ್ಯ ಬಂದಿರುತ್ತದೆ. ನಮ್ಮ ಭಾಷೆಯಲ್ಲಿ ಈ ಉಪಾಯವನ್ನು ಹಾಗೇ ನಕಲು ಮಾಡಲಾಗದು. ನಮ್ಮ 'ಮರ' ಒಂದೇ ಕಡೆ ನಿಲ್ಲುವುದಿಲ್ಲ. ಮರದ, ಮರಕ್ಕೆ, ಮರವನ್ನು, ಮರದಿಂದ, ಮರಗಳಲ್ಲಿ ಎಂದು ವೇಷ ಬದಲಿಸುತ್ತದೆ. ದೊಡ್ಡವರಿಗೆ ಒಂದೇ ಪದ, ಆರು ವರ್ಷದವನ ಕಣ್ಣಿಗೆ ಐದು. ಆದ್ದರಿಂದ ಪದ ಕಡಿಮೆ ಇರುವ ಪುಸ್ತಕ ಹುಡುಕಬೇಡಿ, ವಾಕ್ಯವೇ ಮರಳಿ ಬರುವ ಪುಸ್ತಕ ಹುಡುಕಿ. ಪ್ರತಿ ಪುಟದಲ್ಲೂ ಅದೇ ವಾಕ್ಯ, ಒಂದು ಪದ ಮಾತ್ರ ಬೇರೆ. ಒತ್ತಕ್ಷರ ಬಂದರೂ ಅದೇ ಒತ್ತಕ್ಷರ ಎಂಟು ಸಲ ಬಂದರೆ ಒಂಬತ್ತನೆಯ ಸಲ ಅವನು ಹೆದರುವುದಿಲ್ಲ.

ಇಂಟರ್ನೆಟ್ಟಿನಲ್ಲಿ ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್ ಎಂಬ ಕಥೆಗಳ ತಾಣ ಇದೆ, 2015ರಿಂದ. ಯಾರು ಬೇಕಾದರೂ ಓದಿ ಹಂಚಬಹುದಾದ ಮುಕ್ತ ಪರವಾನಗಿಯ ಕಥೆಗಳು, ಕನ್ನಡದಲ್ಲೂ ಇವೆ. ಅಲ್ಲಿ ಮಗುವಿನ ವಯಸ್ಸು ಕೇಳುವುದಿಲ್ಲ, ಓದಿನ ಹಂತ ಕೇಳುತ್ತಾರೆ. ಒಂದನೇ ಹಂತದ ಕಥೆಗಳು 250 ಪದದೊಳಗೆ ಮುಗಿಯುತ್ತವೆ. ಅಲ್ಲಿಂದ ಶುರು ಮಾಡಿ.

ಇನ್ನೊಂದು ಎಚ್ಚರಿಕೆ. ಐದು ಬೆರಳಿನ ಲೆಕ್ಕ ಕೇಳಿರುತ್ತೀರಿ: ಪುಟ ತೆರೆದು ಓದು, ಬಾರದ ಪದಕ್ಕೊಂದು ಬೆರಳು ಮಡಿಸು, ಐದೂ ಮಡಿಸಿದರೆ ಪುಸ್ತಕ ಕಷ್ಟ. ಕನ್ನಡದಲ್ಲಿ ಇದು ಕೈಕೊಡುತ್ತದೆ. ನಮ್ಮದು ಬರೆದಂತೆ ಓದುವ ಲಿಪಿ. ಅಕ್ಷರ ಬಲ್ಲ ಮಗು ಅರ್ಥವಾಗದ ಪುಟವನ್ನೂ ಗಡಗಡ ಓದಿ ಮುಗಿಸುತ್ತದೆ, ಒಂದು ಬೆರಳೂ ಮಡಿಸದೆ. ತಂದೆ ತಾಯಿ ಬೀಗುತ್ತಾರೆ. ಉಚ್ಚರಿಸಲಾಗದ ಪದಕ್ಕಲ್ಲ, ಅರ್ಥ ಹೇಳಲಾಗದ ಪದಕ್ಕೆ ಬೆರಳು ಮಡಿಸಲು ಹೇಳಿ. ಲೆಕ್ಕವೇ ಬದಲಾಗುತ್ತದೆ.

ರಾತ್ರಿ ಪಾಳಿ

ಆರು ವರ್ಷದವನಿಗೆ ಅವನೇ ಓದಬೇಕೆಂಬ ಹಟ ಯಾಕೆ? ನೀವು ಓದಿ ಹೇಳಿ. ಕಿವಿಗೆ ದಕ್ಕುವ ಪುಸ್ತಕ ಕಣ್ಣಿಗೆ ದಕ್ಕುವುದಕ್ಕಿಂತ ಯಾವಾಗಲೂ ಒಂದೆರಡು ಮೆಟ್ಟಿಲು ಮೇಲಿರುತ್ತದೆ.

ನಾನು ಮಗಳಿಗೆ ಮಲಗುವ ಮುಂಚೆ ಓದುತ್ತಾ ಬಂದು ನಾಲ್ಕು ವರ್ಷವಾಯಿತು. ಶುರುವಿನಲ್ಲಿ ಆದದ್ದನ್ನು ಹೇಳುತ್ತೇನೆ. ಪುಸ್ತಕದಲ್ಲಿ ಇದ್ದಂತೆ "ನಾನು ಈಗಲೇ ಹೋಗುತ್ತೇನೆ ಎಂದು ನರಿಯು ಹೇಳಿತು" ಎಂದು ಓದಿದೆ. ಅವಳು ತಡೆದು ಕೇಳಿದಳು: "ನರಿ ಯಾಕೆ ವಾರ್ತೆ ಓದುವವರ ಹಾಗೆ ಮಾತನಾಡುತ್ತದೆ?" ಅಂದಿನಿಂದ ಎಲ್ಲವನ್ನೂ ಮನೆಯ ಮಾತಿಗೆ ತಿರುಗಿಸಿ ಓದತೊಡಗಿದೆ. ನಗುತ್ತಿದ್ದಳು, ಇನ್ನೊಂದು ಇನ್ನೊಂದು ಎನ್ನುತ್ತಿದ್ದಳು, ನಾನು ಹಿಗ್ಗಿ ಹೋದೆ. ಎರಡು ವರ್ಷ ಬಿಟ್ಟು ಅದೇ ಪುಸ್ತಕವನ್ನು ಅವಳೇ ಓದಲು ಹಿಡಿದಾಗ ಮೊದಲ ಪುಟಕ್ಕೇ ನಿಂತಳು. "ಅಪ್ಪ, ಇದರಲ್ಲಿ ತಪ್ಪಾಗಿ ಬರೆದಿದ್ದಾರೆ."

ಆಗ ಹೊಳೆಯಿತು, ನಾನು ಅವಳಿಗೆ ಕಥೆ ಕೊಟ್ಟಿದ್ದೆ, ಪುಸ್ತಕ ಕೊಟ್ಟಿರಲಿಲ್ಲ. ಈಗ ಒಂದು ರಾಜಿ ಮಾಡಿಕೊಂಡಿದ್ದೇನೆ. ನಿರೂಪಣೆಯನ್ನು ಅಚ್ಚಿನಲ್ಲಿ ಇರುವಂತೆಯೇ ಓದುತ್ತೇನೆ, ಪಾತ್ರಗಳ ಮಾತನ್ನು ಮಾತ್ರ ಮನೆಯ ಮಾತಿಗೆ ಇಳಿಸುತ್ತೇನೆ. 'ಹೇಳಿತು' ಎಂಬುದು ಅವಳ ಕಿವಿಗೆ ಹಳೆಯ ಪರಿಚಯವಾಗಿದೆ, ನರಿಯೂ ವಾರ್ತೆ ಓದುವುದನ್ನು ನಿಲ್ಲಿಸಿದೆ.

ಅರ್ಧ ಓದಿದವನು

ಮೂಲ ಪ್ರಶ್ನೆಗೆ ಬರುತ್ತೇನೆ. ಪುಟ ತಿರುವುವವರೇ, ಒಂದನ್ನು ಪ್ರಾಮಾಣಿಕವಾಗಿ ಹೇಳಿ. ಪುಸ್ತಕ ಕೊಟ್ಟ ಮೇಲೆ ಅವಳು ಸಿಕ್ಕಾಗ ಏನು ಕೇಳುತ್ತೀರಿ?

ಪುಟ ತಿರುವುವವಳು

ಓದಿದೆಯಾ ಎಂದು ಕೇಳುತ್ತೇನೆ. ಹೇಗಿತ್ತು ಎಂದು. ಒಮ್ಮೆ... ಸರಿ, ಬಹಳ ಸಲ, ಕಥೆಯ ನೀತಿ ಏನು ಎಂದೂ ಕೇಳಿದ್ದೇನೆ.

ಅರ್ಧ ಓದಿದವನು

ಸಿಕ್ಕಿಬಿದ್ದಿರಿ. ನೀವು ಕೊಟ್ಟದ್ದು ಉಡುಗೊರೆಯಲ್ಲ, ಪ್ರಶ್ನೆಪತ್ರಿಕೆ. ಇರುವೆಯ ಪುಸ್ತಕವನ್ನು ನೀವು ಲೆಕ್ಕಕ್ಕೇ ಹಿಡಿದಿರಲಿಲ್ಲ, ಅದರ ಬಗ್ಗೆ ಏನೂ ಕೇಳಿರಲಿಕ್ಕಿಲ್ಲ. ಅದೊಂದೇ ಪರೀಕ್ಷೆ ಇಲ್ಲದ ಪುಸ್ತಕ.

ಫ್ರಾನ್ಸಿನ ಲೇಖಕ ಡೇನಿಯಲ್ ಪೆನಾಕ್ ಶಾಲಾ ಶಿಕ್ಷಕರೂ ಆಗಿದ್ದವರು. 1992ರಲ್ಲಿ ಓದುಗನ ಹತ್ತು ಹಕ್ಕುಗಳನ್ನು ಪಟ್ಟಿ ಮಾಡಿದರು. ಮೊದಲನೆಯದೇ ಓದದಿರುವ ಹಕ್ಕು. ಪುಟ ಹಾರಿಸುವ ಹಕ್ಕು, ಮುಗಿಸದೆ ಬಿಡುವ ಹಕ್ಕು, ಮತ್ತೆ ಮತ್ತೆ ಓದುವ ಹಕ್ಕು ಎಲ್ಲವೂ ಇವೆ. ಜನ ಇವುಗಳನ್ನು ನೆನಪಿಡುತ್ತಾರೆ, ಹತ್ತನೆಯದನ್ನು ಮರೆಯುತ್ತಾರೆ: ಓದಿದ್ದರ ಬಗ್ಗೆ ಸುಮ್ಮನಿರುವ ಹಕ್ಕು. ಚಿಕ್ಕವನಿದ್ದಾಗ ಅದೊಂದು ನನಗೆ ಸಿಕ್ಕಿದ್ದರೆ ನನ್ನ ಹೆಸರು ಬೇರೆ ಇರುತ್ತಿತ್ತು.

ಸೀಮೆಸುಣ್ಣ

ಒಂದು ತಿದ್ದುಪಡಿ. ಎರಡು ಮೂರು ವರ್ಷದ ಮಕ್ಕಳ ಜೊತೆ ಪುಸ್ತಕ ನೋಡುವಾಗ ಪ್ರಶ್ನೆ ಕೇಳುವುದೇ ಒಳ್ಳೆಯದು. ಗ್ರೋವರ್ ವೈಟ್‌ಹರ್ಸ್ಟ್ ಮತ್ತು ಸಂಗಡಿಗರು 1988ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸುಮ್ಮನೆ ಓದಿ ಹೇಳುವ ಬದಲು "ಇದೇನು ಮಾಡುತ್ತಿದೆ?" ಎಂದು ಕೇಳಿ, ಮಗುವಿನ ಉತ್ತರವನ್ನು ಬೆಳೆಸಿ ಹೇಳಿದ ಮನೆಗಳ ಮಕ್ಕಳ ಮಾತು ಒಂದೇ ತಿಂಗಳಲ್ಲಿ ಮುಂದೆ ಹೋಗಿತ್ತು. ಆದರೆ ಅದು ಪುಸ್ತಕ ತೆರೆದಿರುವಾಗಿನ ಹರಟೆ. ಮುಚ್ಚಿದ ಮೇಲಿನ ವಿಚಾರಣೆಯಲ್ಲ.

ಬಣ್ಣದ ಡಬ್ಬಿ

ಚಿತ್ರ ಬರೆಯುವವಳಾಗಿ ಒಂದೇ ಮಾತು. ಎಂಟು ವರ್ಷ ಆಯಿತೆಂದು ಚಿತ್ರಪುಸ್ತಕವನ್ನು ಕಿತ್ತುಕೊಳ್ಳಬೇಡಿ. ಆ ಹತ್ತರಲ್ಲಿ ಚಿತ್ರಗಳು ಎಷ್ಟಿದ್ದವು ಎಂದು ನೋಡಿ. ಸಾಮಾನ್ಯವಾಗಿ ಚಿತ್ರಪುಸ್ತಕ 32 ಪುಟಕ್ಕೆ ಮುಗಿಯುತ್ತದೆ, ದೊಡ್ಡ ಹಾಳೆಯಲ್ಲಿ ಅಚ್ಚು ಹಾಕಿ ಹದಿನಾರು ಪುಟಗಳ ಮಡಿಕೆ ಮಾಡುವುದರಿಂದ ಬಂದ ಲೆಕ್ಕ ಅದು. ತೆಳ್ಳಗಿದೆ ಎಂದರೆ ಹಗುರ ಎಂದಲ್ಲ. ಮಾತು ಹೇಳದ್ದನ್ನು ಚಿತ್ರ ಹೇಳುತ್ತದೆ, ಕೆಲವು ಸಲ ಮಾತು ಹೇಳಿದ್ದನ್ನು ಚಿತ್ರ ಸುಳ್ಳು ಮಾಡುತ್ತದೆ. ಆ ಸುಳ್ಳನ್ನು ಮಕ್ಕಳು ಹಿಡಿಯುತ್ತಾರೆ. ಓದಿ ಹೇಳುವ ದೊಡ್ಡವರು ಅಕ್ಷರದ ಮೇಲೆ ಕಣ್ಣಿಟ್ಟು ತಪ್ಪಿಸಿಕೊಳ್ಳುತ್ತಾರೆ. ಕಾಮಿಕ್ಸ್ ಕೂಡ ಓದೇ.

ಖಾರದ ಮಾತು

ಕಾಮಿಕ್ಸ್ ವಿಷಯಕ್ಕೆ ನಾನು ಬರುವುದಿಲ್ಲ. ಮನೆಯಲ್ಲಿ ಮೊಮ್ಮಗನ ಹತ್ತಿರ ಈಗಾಗಲೇ ಸೋತಿದ್ದೇನೆ.

ಪುಟ ತಿರುವುವವಳು

ಪುಸ್ತಕವನ್ನು ಮೇಜಿನ ಮೇಲೆ ನಿಲ್ಲಿಸಿ ಕೈ ಬಿಟ್ಟೆ. ಮೂರು ಸಲವೂ ಒಂದೇ ಜೋಡಿ ಪುಟ. ಮೂಲೆಯಲ್ಲಿ ಹೆಬ್ಬೆರಳಿನ ಕಲೆ.

ಅಲ್ಲಿರುವುದು ವಿಜ್ಞಾನಿ ಇ. ಓ. ವಿಲ್ಸನ್ ಮಾಡಿದ ಪ್ರಯೋಗ. ಸತ್ತ ಇರುವೆಯನ್ನು ಗೂಡಿನವರು ಹೊತ್ತು ಹೊರಗಿನ ಕಸದ ಗುಡ್ಡೆಗೆ ಹಾಕುತ್ತಾರೆ. ಸತ್ತಿದೆ ಎಂದು ಗೊತ್ತಾಗುವುದು ವಾಸನೆಯಿಂದ, ಮುಖ್ಯವಾಗಿ ಓಲಿಯಿಕ್ ಆಮ್ಲ ಎಂಬ ವಸ್ತುವಿನಿಂದ. ಅದನ್ನು ಬದುಕಿರುವ ಒಂದು ಇರುವೆಗೆ ಬಳಿದರೆ, ಅದು ಕಾಲು ಬಡಿಯುತ್ತಿದ್ದರೂ ಬಿಡದೆ ಹೊತ್ತುಕೊಂಡು ಹೋಗಿ ಹೆಣಗಳ ನಡುವೆ ಹಾಕುತ್ತಾರೆ. ಅದು ಮೈ ಶುಚಿ ಮಾಡಿಕೊಂಡು ವಾಸನೆ ಹೋಗುವವರೆಗೂ ಗೂಡಿನೊಳಗೆ ಸೇರಿಸುವುದಿಲ್ಲ.

ಹೊತ್ತೊಯ್ಯುತ್ತಿರುವ ಆ ಇರುವೆಯ ಚಿತ್ರದ ಪಕ್ಕದಲ್ಲಿ ಪೆನ್ಸಿಲಿನಲ್ಲಿ ಸಣ್ಣದಾಗಿ ಬರೆದಿದ್ದಾಳೆ: "ನಾನು ಇನ್ನೂ ಸತ್ತಿಲ್ಲ!!"

ನಾನು ಸುಮಾರು ಹೊತ್ತು ಆ ಪುಟವನ್ನೇ ನೋಡುತ್ತಾ ಕುಳಿತಿದ್ದೆ.

ಹಳೆಯ ಕಪಾಟು

ನೋಡಿ, ಇರುವೆಯ ಇನ್ನೊಂದು ಪುಸ್ತಕ ತಂದು ಕೊಟ್ಟಿದ್ದರೆ ಎಂಥ ತಪ್ಪಾಗುತ್ತಿತ್ತು. ಅವಳಿಗೆ ಬೇಕಾಗಿರುವುದು ಇರುವೆಯಲ್ಲ. ಎಲ್ಲರೂ ತಪ್ಪಾಗಿ ತಿಳಿದುಕೊಂಡಿದ್ದಾರೆ, ನಿಜ ಗೊತ್ತಿರುವುದು ಒಬ್ಬಳಿಗೆ ಮಾತ್ರ, ಅವಳ ಮಾತನ್ನು ಯಾರೂ ಕೇಳುತ್ತಿಲ್ಲ. ಆ ಕಥೆ ಬೇಕು ಅವಳಿಗೆ. ವೇಷ ಬದಲಾದ ರಾಜಕುಮಾರಿ, ಕಳ್ಳತನದ ಆರೋಪ ಹೊತ್ತ ಹುಡುಗ, ಪ್ರಾಣಿಗಳ ನಡುವೆ ಬೆಳೆದವನು, ಪತ್ತೇದಾರಿ, ಕಣ್ಣಿಗೆ ಕಾಣದ ಮನುಷ್ಯ, ಎಲ್ಲವೂ ಈ ಒಂದೇ ಪುಟದಿಂದ ಕವಲೊಡೆಯುವ ದಾರಿಗಳು. ಖಾರದ ಮಾತಿನವರೇ, ಇರುವೆಯಿಂದ ಹೊರಗೆ ಬರುವ ಬಾಗಿಲು ಇರುವೆಯ ಪುಸ್ತಕದ ಒಳಗೇ ಇತ್ತು.

ಕೊಡುವ ಕ್ರಮ ಹೇಳುತ್ತೇನೆ. ಒಂದಲ್ಲ, ಮೂರು ಪುಸ್ತಕ ತನ್ನಿ. ಒಂದನ್ನು ಕೊಟ್ಟರೆ ಒಪ್ಪಬೇಕು ಇಲ್ಲವೇ ನೋಯಿಸಬೇಕು, ಮೂರಿದ್ದರೆ ಎರಡನ್ನು ಧೈರ್ಯವಾಗಿ ತಳ್ಳಬಹುದು. ಮುಖಪುಟ ಕಾಣುವಂತೆ ಇಡಿ, ಬೆನ್ನು ಕಾಣುವಂತೆ ಅಲ್ಲ. "ತುಂಬಾ ಒಳ್ಳೆಯ ಪುಸ್ತಕ, ನಿನಗೆ ಇಷ್ಟವಾಗುತ್ತದೆ" ಎನ್ನಬೇಡಿ. ಅದು ಸಾಲ ಕೊಟ್ಟ ಹಾಗೆ. ಒಳಗಿನ ಒಂದು ಸಂಗತಿ ಹೇಳಿ, ಅರ್ಧಕ್ಕೆ ನಿಲ್ಲಿಸಿ, ಎದ್ದು ಹೋಗಿ.

ಸೀಮೆಸುಣ್ಣ

ಅದಕ್ಕೂ ಮೇಲೆ ಒಂದಿದೆ: ಇನ್ನೊಂದು ಮಗು ಹೇಳಿದರೆ. ನನ್ನ ತರಗತಿಯಲ್ಲಿ ಪುಸ್ತಕ ಓದಿದವರು ಒಳಗೆ ಒಂದು ಚೀಟಿ ಇಡುತ್ತಾರೆ. ಮೊದಲು "ಈ ಪುಸ್ತಕ ಯಾಕೆ ಇಷ್ಟವಾಯಿತು" ಎಂದು ಬರೆಸುತ್ತಿದ್ದೆ. ಇಪ್ಪತ್ತೆಂಟು ಮಕ್ಕಳೂ "ಇದರಲ್ಲಿ ಒಳ್ಳೆಯ ನೀತಿ ಇದೆ" ಎಂದು ಬರೆದುಕೊಟ್ಟರು. ಪ್ರಶ್ನೆ ಬದಲಿಸಿದೆ: "ಇದನ್ನು ಯಾರು ಓದಬಾರದು?"

ಆಮೇಲೆ ಬಂದ ಚೀಟಿಗಳಲ್ಲಿ ಕೆಲವು: "ಹಲ್ಲು ಅಲ್ಲಾಡುತ್ತಿರುವವರು ಓದಬೇಡಿ." "ನಾಯಿ ಸಾಯುತ್ತದೆ. ಆದರೆ 41ನೇ ಪುಟದಲ್ಲಿ, ಅಲ್ಲಿಯವರೆಗೆ ಓದಬಹುದು." "ತಮ್ಮ ಇರುವವರು ಓದಬಾರದು, ಪಾಪ ಎನಿಸಿಬಿಡುತ್ತದೆ." ನಾಯಿ ಸಾಯುವ ಪುಸ್ತಕಕ್ಕೆ ಈಗ ಸಾಲು ನಿಂತಿದ್ದಾರೆ.

ಪುಟ ತಿರುವುವವಳು

ಮೂರು ವಾರ ಕಳೆದಿದೆ, ವರದಿ ಒಪ್ಪಿಸುತ್ತೇನೆ.

ಮೂರು ಪುಸ್ತಕ ಇಟ್ಟೆ. ಒಂದನ್ನು ಅವಳು ಮುಟ್ಟಲಿಲ್ಲ. ಒಂದನ್ನು ನಾಲ್ಕು ಪುಟ ಓದಿ ಬಿಟ್ಟಳು. ಮೂರನೆಯದು ಹುಡುಗನ ವೇಷ ಹಾಕಿಕೊಂಡು ಹಡಗು ಹತ್ತುವ ಹುಡುಗಿಯ ಕಥೆ, ಅದನ್ನು ಊಟದ ತಟ್ಟೆಯ ಪಕ್ಕ ತೆರೆದಿಟ್ಟುಕೊಂಡು ಅಕ್ಕನಿಂದ ಬೈಸಿಕೊಂಡಿದ್ದಾಳೆ. ನಾನು ಏನೂ ಕೇಳಲಿಲ್ಲ. ಎಷ್ಟು ಕಷ್ಟವಾಯಿತೆಂದು ನಿಮಗೆ ಗೊತ್ತಿಲ್ಲ.

ಕಪಾಟಿನ ಹತ್ತನ್ನು ಬೇರೆ ಮಕ್ಕಳಿಗೆ ಕೊಡೋಣವೇ ಎಂದು ಅವಳನ್ನೇ ಕೇಳಿದೆ, ಚೀಟಿಯ ಉಪಾಯವನ್ನೂ ಹೇಳಿದೆ. ಓದದ ಪುಸ್ತಕಕ್ಕೆ ಚೀಟಿ ಬರೆಯುವುದು ಮೋಸ ಎಂದು ಒಂದನ್ನು ಕುಳಿತು ಓದಿದಳು. ಬರೆದ ಚೀಟಿ ಹೀಗಿದೆ: "ಚಿಕ್ಕಮ್ಮನ ಇಷ್ಟದ ಪುಸ್ತಕ. ಮೊದಲ 20 ಪುಟ ಬಿಟ್ಟು ಓದು. ಅವಸರದಲ್ಲಿ ಇರುವವರು ಓದಬಾರದು."

ನಿನ್ನೆ ಇರುವೆಯ ಪುಸ್ತಕವನ್ನು ನನ್ನ ಕೈಗಿಟ್ಟು, ಓದು ಎಂದಳು. ಪಕ್ಕದಲ್ಲೇ ಕುಳಿತು ನಾನು ಪುಟ ತಿರುವುವುದನ್ನು ಕಾಯುತ್ತಿದ್ದಳು. ಮುಗಿಸಿ ಕೆಳಗಿಟ್ಟೆ. ಅವಳು ಕೈ ಕಟ್ಟಿಕೊಂಡು, ನನ್ನದೇ ದನಿಯಲ್ಲಿ ಕೇಳಿದಳು: "ಹಾಗಾದರೆ, ಇದರ ನೀತಿ ಏನು?"